ತಾಯಂದಿರ ಬಾಕ್ಸಿಂಗ್ ತರಗತಿಯ ಅರ್ಜಿಯಲ್ಲಿ ಮೂರು ಪ್ರಶ್ನೆಗಳಿರಲಿ

ಮಾನ್ಯ ಸಂಪಾದಕರೇ,

ಹೆರಿಗೆಯ ನಂತರ ಮತ್ತೆ ವ್ಯಾಯಾಮ ಆರಂಭಿಸುವ ತಾಯಂದಿರಿಗೆಂದೇ ಬಾಕ್ಸಿಂಗ್ ಫಿಟ್‌ನೆಸ್ ತರಗತಿಗಳು ನಡೆಯುತ್ತಿರುವುದನ್ನು ಕಂಡು ಸಂತೋಷಪಡುವವರಲ್ಲಿ ನಾನೂ ಒಬ್ಬಳು. ಆ ಸಂತೋಷದ ಜೊತೆಯಲ್ಲೇ ನನಗಿರುವ ಒಂದು ಕಳವಳವನ್ನು ತಮ್ಮ ಪತ್ರಿಕೆಯ ಮೂಲಕ ಅಂಥ ತರಗತಿಗಳನ್ನು ನಡೆಸುವವರಿಗೆ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಕಂಡ ಪ್ರವೇಶದ ಅರ್ಜಿಗಳಲ್ಲಿ ವಯಸ್ಸು, ಎತ್ತರ, ತೂಕಗಳಿಗೆ ಜಾಗವಿತ್ತು. ಎಷ್ಟು ಕಿಲೋ ಇಳಿಸಬೇಕೆಂದಿದ್ದೀರಿ ಎಂಬುದಕ್ಕೂ ಜಾಗವಿತ್ತು. ಹೆರಿಗೆಯಾಗಿ ಎಷ್ಟು ತಿಂಗಳಾಯಿತು, ಸಹಜ ಹೆರಿಗೆಯೋ ಸಿಸೇರಿಯನ್ನೋ, ಕೆಮ್ಮಿದಾಗ ಅಥವಾ ಜಿಗಿದಾಗ ಮೂತ್ರ ಜಿನುಗುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಮಾತ್ರ ಜಾಗವಿರಲಿಲ್ಲ.

ನನ್ನ ಎರಡನೆಯ ಮಗುವಿಗೆ ನಾಲ್ಕು ತಿಂಗಳು ತುಂಬಿದಾಗ ನಾನು ಅಂಥದೊಂದು ತರಗತಿಗೆ ಸೇರಿದೆ. ಮೈ ಬಿಸಿಯಾಗಲೆಂದು ಮೊದಲ ದಿನವೇ ಸ್ಕಿಪ್ಪಿಂಗ್ ಹಗ್ಗ ಕೈಗಿತ್ತರು. ಒಂದು ನಿಮಿಷ ಕಳೆಯುವಷ್ಟರಲ್ಲಿ ನನ್ನ ಬಟ್ಟೆ ಒದ್ದೆಯಾಗಿತ್ತು. ಮಗು ಅಳುತ್ತಿದೆಯೆಂದು ಕರೆ ಬಂತು ಎಂಬ ನೆಪ ಹೇಳಿ ಹೊರಬಂದವಳು ಮತ್ತೆ ಅತ್ತ ಹೋಗಲಿಲ್ಲ. ಸುಮಾರು ಒಂದು ವರ್ಷ ಅದನ್ನು ನನ್ನೊಬ್ಬಳ ಅವಮಾನವೆಂದು ತಿಳಿದು ಯಾರೊಡನೆಯೂ ಬಾಯಿ ಬಿಡಲಿಲ್ಲ. ಹೆರಿಗೆಯಾದ ಮೂವರು ಹೆಂಗಸರಲ್ಲಿ ಸರಿಸುಮಾರು ಒಬ್ಬರಿಗೆ ಈ ತೊಂದರೆ ಇರುತ್ತದೆಂಬುದು ನನಗೆ ತಿಳಿದದ್ದು ಆಮೇಲೆ, ಒಬ್ಬ ಫಿಸಿಯೋಥೆರಪಿಸ್ಟರ ಬಳಿ ಬೆನ್ನುನೋವಿಗೆಂದು ಹೋದಾಗ. ಆ ಲೆಕ್ಕದಲ್ಲಿ, ನಾನು ಹಗ್ಗ ಹಿಡಿದು ನಿಂತಿದ್ದ ಆ ಸಾಲಿನಲ್ಲೇ ಇನ್ನೂ ಕೆಲವರು ಹಲ್ಲು ಕಚ್ಚಿಕೊಂಡು ಜಿಗಿಯುತ್ತಿದ್ದಿರಬಹುದು.

ಇದರ ಕಾರಣವನ್ನು ತಿಳಿದುಕೊಂಡರೆ ನಾಚಿಕೆ ಅರ್ಧ ಕಡಿಮೆಯಾಗುತ್ತದೆ. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ಕೆಳಗಿನಿಂದ ಜೋಲಿಯಂತೆ ಹೊತ್ತು ನಿಂತಿರುವ ಶ್ರೋಣಿತಳದ ಸ್ನಾಯುಗಳು ಒಂಬತ್ತು ತಿಂಗಳ ಭಾರದಿಂದ ದಣಿದಿರುತ್ತವೆ, ಹೆರಿಗೆಯಲ್ಲಿ ಹಿಗ್ಗಿರುತ್ತವೆ, ಕೆಲವೊಮ್ಮೆ ಹರಿದೂ ಇರುತ್ತವೆ. ಪ್ರತಿ ಜಿಗಿತದಲ್ಲಿ ಪಾದ ನೆಲಕ್ಕೆ ತಾಗಿದಾಗ ಹುಟ್ಟುವ ಒತ್ತಡವನ್ನು ತಾಳಿಕೊಳ್ಳಬೇಕಾದದ್ದು ಇದೇ ಸ್ನಾಯುಗಳು. ಸಿಸೇರಿಯನ್ ಆದವರಿಗೆ ಈ ಚಿಂತೆಯಿಲ್ಲ ಎಂಬುದು ತಪ್ಪು ತಿಳಿವಳಿಕೆ. ಗರ್ಭದ ಭಾರ ಅವರೂ ಹೊತ್ತವರೇ, ಅದರ ಮೇಲೆ ಹೊಟ್ಟೆಯ ಹಲವು ಪದರಗಳನ್ನು ಕೊಯ್ದು ಹೊಲಿದ ಗಾಯವೂ ಅವರದಾಗಿರುತ್ತದೆ. ಈ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲೇ ಪ್ರಕಟಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ದೈಹಿಕ ಚಟುವಟಿಕೆಯ ಮಾರ್ಗಸೂಚಿಯು, ಹೆರಿಗೆಯಾದವರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮದತ್ತ ಸಾಗಬೇಕೆನ್ನುತ್ತದೆ. ಅಲ್ಪದಿಂದ ತೊಡಗಿ ಕ್ರಮೇಣ ಹೆಚ್ಚಿಸಬೇಕೆಂದೂ, ಶ್ರೋಣಿತಳದ ವ್ಯಾಯಾಮವನ್ನು ದಿನವೂ ಮಾಡಬಹುದೆಂದೂ ಅಲ್ಲೇ ಹೇಳಿದೆ. ಜಾಹೀರಾತುಗಳಲ್ಲಿ 150 ಎಂಬ ಅಂಕಿ ಕಾಣುತ್ತದೆ, ಉಳಿದ ಮಾತುಗಳು ಕಾಣುವುದಿಲ್ಲ.

ಬಾಕ್ಸಿಂಗ್ ತಾಯಂದಿರಿಗೆ ತಕ್ಕದ್ದಲ್ಲ ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷಗಳಿಂದ ಬೇರೊಂದು ತರಗತಿಯಲ್ಲಿ ಕಲಿಯುತ್ತಿರುವವಳಾಗಿ, ಕ್ರಮವರಿತು ಕಲಿಸಿದರೆ ಇದರಷ್ಟು ಒಪ್ಪುವ ವ್ಯಾಯಾಮ ಕಡಿಮೆಯೆಂದೇ ನಾನು ನಂಬಿದ್ದೇನೆ. ಗುದ್ದಿನ ಬಲ ತೋಳಿನಲ್ಲಿ ಹುಟ್ಟುವುದಲ್ಲ; ಹಿಂಗಾಲಿನ ಪಾದ ನೆಲವನ್ನು ಒತ್ತಿದಾಗ ಹುಟ್ಟಿ, ಸೊಂಟದ ತಿರುವಿನಲ್ಲಿ ಬೆಳೆದು, ಭುಜದ ಮೂಲಕ ಮುಷ್ಟಿಗೆ ಬರುತ್ತದೆ. ಮಗುವನ್ನು ಎತ್ತಿ, ಬಾಗಿ ಹಾಲೂಡಿಸಿ ಮುಂದಕ್ಕೆ ಜೋತುಬಿದ್ದ ಭುಜಗಳಿಗೂ ದುರ್ಬಲವಾದ ನಡುವಿಗೂ ಈ ಅಭ್ಯಾಸ ಬಲ ಕೊಡುತ್ತದೆ. ಗುದ್ದುವಾಗಲೆಲ್ಲ ‘ಶ್’ ಎಂದು ಉಸಿರು ಹೊರಬಿಡುವ ಬಾಕ್ಸರುಗಳ ಹಳೆಯ ರೂಢಿ ಬಾಣಂತಿಗೆ ಹೇಳಿಮಾಡಿಸಿದಂತಿದೆ, ಏಕೆಂದರೆ ಉಸಿರು ಬಿಗಿಹಿಡಿದು ಗುದ್ದಿದರೆ ಒತ್ತಡವೆಲ್ಲ ಹೊಟ್ಟೆಯಿಂದ ಕೆಳಕ್ಕೆ ಇಳಿದು ಶ್ರೋಣಿತಳದ ಮೇಲೆ ಬೀಳುತ್ತದೆ, ಉಸಿರು ಬಿಡುತ್ತಾ ಗುದ್ದಿದರೆ ಆ ಸ್ನಾಯುಗಳೂ ಹೊಟ್ಟೆಯ ಒಳಪದರದ ಸ್ನಾಯುಗಳೂ ಒಟ್ಟಾಗಿ ಬಿಗಿಯುವುದು ಸುಲಭವಾಗುತ್ತದೆ. ನನಗೆ ಈಗ ಕಲಿಸುತ್ತಿರುವವರು ಮೊದಲ ಮೂರು ವಾರ ಗ್ಲೌಸ್ ಮುಟ್ಟಗೊಡಲಿಲ್ಲ. ನಿಲ್ಲುವ ಭಂಗಿ, ಹೆಜ್ಜೆ, ಉಸಿರು, ಗಾಳಿಯಲ್ಲಿ ನಿಧಾನವಾಗಿ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಮತ್ತು ಕ್ರಾಸ್ (ಹಿಂದಿನ ಕೈಯ ನೇರ ಗುದ್ದು), ಇಷ್ಟೇ. ಸ್ಕಿಪ್ಪಿಂಗ್ ಬದಲಿಗೆ ಇದ್ದಲ್ಲೇ ಹೆಜ್ಜೆ ಹಾಕಿಸಿದರು.

ತರಗತಿಯ ಕೊನೆಗೆ ಎಲ್ಲರನ್ನೂ ಮಲಗಿಸಿ ಸಿಟ್-ಅಪ್ ಮಾಡಿಸುವ ಪದ್ಧತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಗರ್ಭ ಬೆಳೆದಂತೆ ಹೊಟ್ಟೆಯ ಮುಂಭಾಗದ ಎರಡು ನೀಳ ಸ್ನಾಯುಗಳು ನಡುಗೆರೆಯಿಂದ ದೂರ ಸರಿಯುತ್ತವೆ. ಹಲವರಲ್ಲಿ ಆ ಅಂತರ ಹೆರಿಗೆಯ ನಂತರವೂ ತಿಂಗಳುಗಟ್ಟಲೆ ಉಳಿಯುತ್ತದೆ. ತಲೆಯೆತ್ತಿದಾಗ ಹೊಟ್ಟೆಯ ನಡುವೆ ಗೋಪುರದಂತೆ ಉಬ್ಬು ಕಾಣಿಸಿಕೊಂಡರೆ, ಆ ವ್ಯಾಯಾಮಕ್ಕೆ ದೇಹ ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನು ತುಸುವೇ ಎತ್ತಿ, ಹೊಕ್ಕುಳಿನ ಮೇಲೂ ಕೆಳಗೂ ಬೆರಳಿಟ್ಟು ನೋಡುವ ಪರೀಕ್ಷೆಗೆ ಎರಡು ನಿಮಿಷವೂ ಬೇಡ. ಅದನ್ನು ಮಾಡದೆಯೇ ಸಿಟ್-ಅಪ್‌ಗಳ ಎಣಿಕೆ ಹೇರುವುದು ಸರಿಯಲ್ಲ.

ಮಣಿಕಟ್ಟಿನ ವಿಷಯವಂತೂ ಯಾರ ಲಕ್ಷ್ಯಕ್ಕೂ ಬಂದಂತಿಲ್ಲ. ಹೆಬ್ಬೆರಳನ್ನು ಅಗಲಿಸಿ ಮಗುವಿನ ಕಂಕುಳಿಗೆ ಕೈಹಾಕಿ ದಿನಕ್ಕೆ ಎಷ್ಟೋ ಬಾರಿ ಎತ್ತುವ ತಾಯಂದಿರಲ್ಲಿ ಹೆಬ್ಬೆರಳಿನ ಬುಡದ ಸ್ನಾಯುರಜ್ಜುಗಳು ಊದಿಕೊಂಡು ನೋಯುವುದು ತೀರ ಸಾಮಾನ್ಯ. ಡಿ ಕರ್ವೇನ್ ಎಂಬ ಹೆಸರಿನಿಂದ ವೈದ್ಯರೆಲ್ಲ ಇದನ್ನು ಬಲ್ಲರು. ಆ ಕೈಯಿಂದ ಭಾರದ ಪಂಚಿಂಗ್ ಬ್ಯಾಗಿಗೆ ಗುದ್ದಿದರೆ ನೋವು ಇಮ್ಮಡಿಯಾಗುತ್ತದೆ. ನಾಲ್ಕೂವರೆ ಮೀಟರಿನ ಕೈಪಟ್ಟಿಯನ್ನು ಮಣಿಕಟ್ಟಿಗೂ ಹೆಬ್ಬೆರಳಿಗೂ ಸರಿಯಾಗಿ ಸುತ್ತುವುದನ್ನೂ, ಮಣಿಕಟ್ಟು ಬಾಗದಂತೆ ತೋರುಬೆರಳು ಮತ್ತು ನಡುಬೆರಳುಗಳ ಗೆಣ್ಣುಗಳಿಂದ ಹೊಡೆಯುವುದನ್ನೂ ಕಲಿಸಿದ ಮೇಲೆಯೇ ಬ್ಯಾಗಿನ ಮುಂದೆ ನಿಲ್ಲಿಸಬೇಕು.

ತಿಂಗಳು ಎಣಿಸಿದರೆ ಸಾಕೆ ಎಂಬ ಪ್ರಶ್ನೆಯೂ ಇದೆ. ಓಟಕ್ಕೆ ಮರಳುವ ಬಗ್ಗೆ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು 2019ರಲ್ಲಿ ಸಿದ್ಧಪಡಿಸಿದ ಮಾರ್ಗದರ್ಶಿ, ಹೆರಿಗೆಯಾಗಿ ಕನಿಷ್ಠ 3 ತಿಂಗಳು ಕಳೆಯುವವರೆಗೆ ತಡೆಯಿರಿ, ತೊಂದರೆಯ ಲಕ್ಷಣಗಳಿದ್ದರೆ ಇನ್ನೂ ತಡೆಯಿರಿ ಎನ್ನುತ್ತದೆ. ನಾನು ಸೇರಿದಾಗ ನಾಲ್ಕು ತಿಂಗಳಾಗಿತ್ತು. ಲೆಕ್ಕ ಸರಿಯಿತ್ತು, ದೇಹ ಸಿದ್ಧವಿರಲಿಲ್ಲ. ಹೀಗಾಗಿಯೇ ದಿನಾಂಕದ ಪ್ರಶ್ನೆಯೊಂದನ್ನೇ ಕೇಳಿ ಬಿಟ್ಟರೆ ಸಾಲದು.

ಇಂಥ ಮಾತಾಡಿದಾಗಲೆಲ್ಲ ಮೇರಿ ಕೋಮ್ ಅವರ ಉದಾಹರಣೆ ಕೊಡುವವರಿದ್ದಾರೆ. ಅವಳಿ ಮಕ್ಕಳ ತಾಯಿಯಾದ ಮೇಲೆ 2008ರಲ್ಲಿ ವಿಶ್ವ ಚಾಂಪಿಯನ್ ಆಗಿ, ಮಹಿಳಾ ಬಾಕ್ಸಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದ 2012ರಲ್ಲಿ ಕಂಚು ಗೆದ್ದು, ಮೂವರು ಮಕ್ಕಳ ತಾಯಿಯಾಗಿ 2018ರಲ್ಲಿ ಆರನೆಯ ಬಾರಿ ವಿಶ್ವ ಪ್ರಶಸ್ತಿ ಪಡೆದ ಅವರನ್ನು ನೆನೆದರೆ ನನಗೂ ಹೆಮ್ಮೆಯಾಗುತ್ತದೆ. ಆದರೆ ವರ್ಷಗಟ್ಟಲೆ ಕಠಿಣ ತರಬೇತಿಯಲ್ಲಿ ಪಳಗಿದ ಆಟಗಾರ್ತಿಯ ದೇಹವನ್ನು, ಐದಾರು ವರ್ಷ ವ್ಯಾಯಾಮವನ್ನೇ ಕಾಣದ ಗೃಹಿಣಿಗೋ ಉದ್ಯೋಗಸ್ಥೆಗೋ ಅಳತೆಗೋಲಾಗಿ ಹಿಡಿಯುವುದು ಇಬ್ಬರಿಗೂ ಮಾಡುವ ಅನ್ಯಾಯ. ‘ಹಳೆಯ ದೇಹವನ್ನು ಮರಳಿ ಪಡೆಯಿರಿ’ ಎಂಬ ಜಾಹೀರಾತಿನ ಮಾತು ನನಗೆ ನೋವುಂಟುಮಾಡುವುದೂ ಇದೇ ಕಾರಣಕ್ಕೆ. ಮಗುವನ್ನು ಹೆತ್ತ ದೇಹ ಕಳೆದುಹೋದ ವಸ್ತುವಲ್ಲ.

ಮಧ್ಯಮ ಪ್ರಮಾಣದ ವ್ಯಾಯಾಮದಿಂದ ಎದೆಹಾಲು ಕಡಿಮೆಯಾಗುತ್ತದೆ ಅಥವಾ ಕೆಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲವೆಂಬುದನ್ನೂ ತರಗತಿಯವರು ಮೊದಲ ದಿನವೇ ಹೇಳಿದರೆ ಒಳ್ಳೆಯದು. ಎದೆ ಭಾರವಾಗದಂತೆ ಹಾಲೂಡಿಸಿ ಬಂದರೆ ಆಯಿತು.

ತರಗತಿ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ಆ ಮೂರು ಪ್ರಶ್ನೆಗಳನ್ನು ಅರ್ಜಿಯಲ್ಲಿ ಸೇರಿಸಲಿ, ಉತ್ತರವನ್ನು ಎಲ್ಲರೆದುರು ಕೇಳದೆ ಬರವಣಿಗೆಯಲ್ಲಿ ಪಡೆಯಲಿ, ‘ಹೌದು’ ಎಂದು ಬರೆದವರನ್ನು ಹಿಂದಕ್ಕೆ ಕಳುಹಿಸದೆ ಜಿಗಿತವಿಲ್ಲದ ಅಭ್ಯಾಸವನ್ನು ಅವರಿಗೆ ಕೊಡಲಿ, ಅಗತ್ಯವಿದ್ದವರಿಗೆ ಫಿಸಿಯೋಥೆರಪಿಸ್ಟರನ್ನು ಕಾಣಲು ಹೇಳಲಿ. ಈಗಾಗಲೇ ತರಗತಿಯಲ್ಲಿರುವ ತಾಯಂದಿರಿಗೂ ಆ ಅರ್ಜಿಯನ್ನು ಇನ್ನೊಮ್ಮೆ ತುಂಬುವ ಅವಕಾಶ ಸಿಗಲಿ.

ಇಂತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು