ತಮ್ಮನ ಮುಂದಿನ ಓದಿನ ಕುರಿತು ಅಪ್ಪನಿಗೆ

ಫ್ರೈಬುರ್ಗ್, ಜರ್ಮನಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ ತಮ್ಮನನ್ನು ಬೆಂಗಳೂರಿನ ಸಾಫ್ಟ್‌ವೇರ್ ಕೋರ್ಸಿಗೆ ಸೇರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಅವನು ಕಲಿತ ವಿದ್ಯೆಗೆ ಮುಂದೆ ಎಷ್ಟು ಬೇಡಿಕೆ ಬರಲಿದೆ ಎಂಬುದನ್ನು ನಾನು ಇಲ್ಲಿ ಕಣ್ಣಾರೆ ಕಾಣುತ್ತಿದ್ದೇನೆ.

2030ರ ಹೊತ್ತಿಗೆ ತಾನು ಬಳಸುವ ವಿದ್ಯುತ್ತಿನಲ್ಲಿ ಶೇ. 80ರಷ್ಟು ಗಾಳಿ, ಬಿಸಿಲು ಮುಂತಾದ ಮೂಲಗಳಿಂದಲೇ ಬರಬೇಕೆಂದು ಜರ್ಮನಿ ಕಾನೂನು ಮಾಡಿಕೊಂಡಿದೆ. ಆದರೆ ಸೌರಫಲಕಗಳನ್ನು ಕೊಳ್ಳುವುದಕ್ಕಿಂತ, ಅವನ್ನು ಸರಿಯಾಗಿ ಜೋಡಿಸಬಲ್ಲವರನ್ನು ಹುಡುಕುವುದೇ ಇಲ್ಲಿ ಕಷ್ಟವಾಗಿದೆ. ಎಲೆಕ್ಟ್ರಿಷಿಯನ್ ಆಗಲು ಮೂರೂವರೆ ವರ್ಷ ಬೇಕು. ವಾರಕ್ಕೆ ಒಂದೆರಡು ದಿನ ತರಗತಿ, ಉಳಿದ ದಿನ ಕಂಪನಿಯಲ್ಲಿ ಕೆಲಸ, ಕಲಿಯುವಾಗಲೇ ಸಂಬಳ. ನಾನು ನೋಡಿದ ತರಬೇತಿ ಕೇಂದ್ರವೊಂದರಲ್ಲಿ ಹೆಂಚಿನ ಮಾಡನ್ನು ಕಟ್ಟಡದ ಒಳಗೇ ಕಟ್ಟಿದ್ದರು. ಹುಡುಗರು ಸುರಕ್ಷತಾ ಬೆಲ್ಟ್ ತೊಟ್ಟು ಅದರ ಮೇಲೆ ಫಲಕ ಕೂರಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕೂರಿಸುತ್ತಾರೆ. ಸುಟ್ಟು ಕರಕಲಾದ ಕನೆಕ್ಟರ್ ಒಂದನ್ನು ಅವರ ಕೈಗಿತ್ತ ಶಿಕ್ಷಕರು, ತಂತಿಯನ್ನು ಸರಿಯಾಗಿ ಕ್ರಿಂಪ್ ಮಾಡದಿದ್ದರೆ, ಅಂದರೆ ಒತ್ತಿ ಬಿಗಿಯದಿದ್ದರೆ, ಅಲ್ಲಿ ಬಿಸಿಯೇರಿ ಕಿಡಿ ಹೊತ್ತುತ್ತದೆ, ಫಲಕದಿಂದ ಬರುವ, ಒಂದೇ ದಿಕ್ಕಿಗೆ ಹರಿಯುವ ಡಿಸಿ ವಿದ್ಯುತ್ತಿನ ಕಿಡಿ ಮನೆಯಲ್ಲಿ ಬಳಸುವ ಎಸಿಯದರಷ್ಟು ಸುಲಭವಾಗಿ ಆರುವುದಿಲ್ಲ, ಮಾಡಿಗೇ ಬೆಂಕಿ ತಗುಲಬಹುದು ಎಂದು ವಿವರಿಸಿದರು.

ನಮ್ಮ ದೇಶವೂ 2030ಕ್ಕೆ ಕಲ್ಲಿದ್ದಲು, ತೈಲಗಳ ಹೊರತಾದ 5 ಲಕ್ಷ ಮೆಗಾವ್ಯಾಟ್ ವಿದ್ಯುತ್ ಉತ್ಪಾದನಾ ಸಾಮರ್ಥ್ಯದ ಗುರಿ ಇಟ್ಟುಕೊಂಡಿದೆ. ಸೌರಫಲಕ ಜೋಡಿಸುವುದನ್ನು ಕಲಿಸಲು ಸರ್ಕಾರ 2015ರಲ್ಲಿ ಆರಂಭಿಸಿದ ಸೂರ್ಯಮಿತ್ರ ತರಬೇತಿ ಸುಮಾರು ಮೂರು ತಿಂಗಳಿನದು. ಜೋಡಣೆ ಕಲಿಯಲು ಅದು ಸಾಕಾದೀತು. ಯಾವ ಊರಿಗೆ ಯಾವುದು ಹೊಂದುತ್ತದೆಂದು ತೀರ್ಮಾನಿಸಲು ಸಾಲದು.

ಕೊಡಗಿನ ನಮ್ಮ ಕಾಫಿ ತೋಟವನ್ನೇ ನೋಡಿ. ರೋಬಸ್ಟಾ ಹೂವಿಗಾಗಿ ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕುವಾಗ ಡೀಸೆಲ್ ಪಂಪಿಗೆ ಬಿಡುವೇ ಇರುವುದಿಲ್ಲ. ಆಮೇಲೆ ಅದು ಹೆಚ್ಚುಕಡಿಮೆ ಸುಮ್ಮನೆ ಕೂರುತ್ತದೆ. ಆ ಕೆಲವೇ ವಾರಗಳಿಗಾಗಿ ಫಲಕ ಹಾಕಿಸಿದರೆ ಉಳಿದ ದಿನಗಳ ವಿದ್ಯುತ್ತನ್ನು ಯಾವುದಕ್ಕೆ ಬಳಸಬೇಕು? ಮುಂಗಾರಿನ ಮೋಡದಲ್ಲಿ ಎಷ್ಟು ಸಿಕ್ಕೀತು? ನೆರಳಿನ ಮರ ಕಡಿಯದೆ ಫಲಕ ಎಲ್ಲಿಡಬೇಕು? ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರನ್ನು ತೋಡಿಗೆ ಬಿಡದೆ ಅದರಿಂದ ಗ್ಯಾಸ್ ತೆಗೆಯಬಹುದೇ? ಪಾವಗಡದ ಬಯಲಿನಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಕಟ್ಟಿದ ಲೆಕ್ಕ ಕೊಡಗಿಗೆ ಹೊಂದದು. ಕಾಫಿ ಹಂಗಾಮನ್ನೂ ಸರ್ಕ್ಯೂಟನ್ನೂ ಒಟ್ಟಿಗೆ ಬಲ್ಲ ಎಂಜಿನಿಯರ್ ಬೇಕು, ಅಂಥವರು ತೀರ ಕಡಿಮೆ. ಪೊನ್ನಂಪೇಟೆಯ ಅರಣ್ಯ ಕಾಲೇಜು, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಎಂಜಿನಿಯರಿಂಗ್ ಕಾಲೇಜುಗಳು ಎಲ್ಲವೂ ಜಿಲ್ಲೆಯಲ್ಲೇ ಇವೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಹಂಗಾಮು ಪೂರ್ತಿ ತೋಟಗಳಲ್ಲಿ ದುಡಿದು ಕಲಿಯುವಂತಾಗಬೇಕೆಂಬುದು ನನ್ನ ದೊಡ್ಡ ಆಸೆ. ಬೆಳೆಗಾರರ ಸಭೆಯಲ್ಲಿ ನೀವು ಈ ಮಾತನ್ನು ಎತ್ತಿದರೆ ಕೇಳುವವರಿದ್ದಾರೆ.

ತಮ್ಮನು ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಲೆಕ್ಟ್ರಿಕಲ್ ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಲಿ. ಅಲ್ಲಿಯವರೆಗೆ ಪಂಪ್ ಓಡಿದ ಗಂಟೆಗಳನ್ನೂ ಸುರಿದ ಡೀಸೆಲನ್ನೂ ದಿನದಿನವೂ ಬರೆದಿಟ್ಟು ನನಗೆ ಕಳುಹಿಸಲು ಹೇಳಿ. ಎಷ್ಟು ಸಾಮರ್ಥ್ಯದ ಪಂಪ್ ಬೇಕೆಂದು ನಾವಿಬ್ಬರೂ ಫೋನಿನಲ್ಲೇ ಲೆಕ್ಕ ಹಾಕುತ್ತೇವೆ.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು