ನಾನು ಫೇಲಾಗಿರಲಿಲ್ಲ, ಪುಟ್ಟಿ

ಪುಟ್ಟಿ,

ಫೋನಿನಲ್ಲಿ ಹೇಳಲು ಹೋದರೆ ಮತ್ತೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದಾಳೆ. ಅದರ ಡಬ್ಬಿಯ ಪಕ್ಕದಲ್ಲೇ ಈ ಲಕೋಟೆ ಇಡುತ್ತೇನೆ. ಎಣ್ಣೆ ತಾಗಿದ್ದರೆ ಬೈಬೇಡ.

ಭಾನುವಾರ ನಾನು ಏನಂದೆ ಅನ್ನುವುದು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯುವುದು ಬೇಡ. ನಿನ್ನ ಕೈಕೆಳಗೆ ಕೆಲಸ ಕಲಿತ ಹುಡುಗ ಟೆಸ್ಟಿಂಗ್ ಟೀಮಿಗೇ ಲೀಡ್ ಆದ ಅಂತ ಹೇಳಿಕೊಳ್ಳಲು ಬಂದವಳಿಗೆ ಆ ಮಾತು ಆಡಬಾರದಿತ್ತು. ನೀನು ರಾತ್ರಿ ಬಸ್ಸು ಹತ್ತಿದ ಮೇಲೆ ನೋಡಿದರೆ ನಿನ್ನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ತಪ್ಪಾಯಿತು.

ಬೇರೆ ಯಾರೋ ಅಂದಿದ್ದರೆ ಅದು ಬೇರೆ. ನನಗಂತೂ ಅನ್ನುವ ಯೋಗ್ಯತೆಯೇ ಇರಲಿಲ್ಲ.

1991ರ ಮಾತು. ನೀನು ಒಂದು ವರ್ಷದ ಕೂಸು. ನನಗೆ ಮೂವತ್ತೈದು, ಈಗ ನಿನಗಿರುವಷ್ಟೇ. ತಾಲ್ಲೂಕು ಕಚೇರಿಯಲ್ಲಿ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕ ಆಗಿ ಸೇರಿ 12 ವರ್ಷ ಕಳೆದಿತ್ತು. ಒಂದೇ ಹುದ್ದೆಯಲ್ಲಿ ಹತ್ತು ವರ್ಷ ಕಳೆದರೆ ಕಾಲಬದ್ಧ ಬಡ್ತಿ ಅಂತ ಕೊಡುತ್ತಾರೆ. ಹೆಸರಿಗೆ ಬಡ್ತಿ. ಸಂಬಳದ ಶ್ರೇಣಿ ಮೇಲೆ ಹೋಗುತ್ತದೆ, ಕುರ್ಚಿ ಅಲ್ಲೇ ಇರುತ್ತದೆ. ನನ್ನದು ಟಪಾಲಿನ ಕುರ್ಚಿ. ಅದರಿಂದ ಏಳಬೇಕೆಂದರೆ ಇಲಾಖಾ ಪರೀಕ್ಷೆ ಮುಗಿಸಬೇಕಿತ್ತು. ಅಕೌಂಟ್ಸ್ ಹೈಯರ್ ಅನ್ನುವ ಲೆಕ್ಕಪತ್ರದ ಪರೀಕ್ಷೆ ಒಂದು ಬಾಕಿ.

ಅಪ್ಪ ಅದರಲ್ಲಿ ಒಮ್ಮೆ ಫೇಲಾಗಿದ್ದರು ಅಂತ ಅಮ್ಮ ನಿನಗೆ ಹೇಳಿರುತ್ತಾಳೆ. ನಾನು ಫೇಲಾಗಿರಲಿಲ್ಲ, ಪುಟ್ಟಿ. ಬರೆದೇ ಇರಲಿಲ್ಲ.

ಸಾಗರದಿಂದ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆ. ಅಮ್ಮ ಜೇಬಿಗೆ ಹೊಸ ಪೆನ್ನು ಸಿಕ್ಕಿಸಿದ್ದಳು. ಪರೀಕ್ಷೆ ಇದ್ದ ಶಾಲೆಯ ಗೇಟಿನ ಹತ್ತಿರ ನಮ್ಮ ಕಚೇರಿಯ ಹುಡುಗನೊಬ್ಬ ನಿಂತಿದ್ದ. ಕಡತಕ್ಕೆ ಟಿಪ್ಪಣಿ ಬರೆಯುವುದನ್ನು ನಾನೇ ಹೇಳಿಕೊಟ್ಟಿದ್ದೆ ಅವನಿಗೆ. ಕೆಎಫ್‌ಸಿ, ಅಂದರೆ ಸರ್ಕಾರಿ ಹಣಕಾಸಿನ ನಿಯಮಗಳ ಪುಸ್ತಕದ ಹಾಳೆ ಮಗುಚುತ್ತಾ ತುಟಿ ಆಡಿಸುತ್ತಿದ್ದ. ಇವನು ಪಾಸಾಗಿ ನಾನು ಆಗದಿದ್ದರೆ ಅಂತ ಒಂದು ಯೋಚನೆ ಬಂತು ನೋಡು, ಕಾಲು ಹಿಂದಕ್ಕೆ ತಿರುಗಿತು. ಬಸ್ ನಿಲ್ದಾಣದ ಹತ್ತಿರ ಹೋಟೆಲಿನಲ್ಲಿ ಕೂತೆ. ಎರಡು ಇಡ್ಲಿ, ಕಾಫಿ. ಮತ್ತೆ ಕಾಫಿ. ಮೇಜಿನ ಮೇಲೆ ಚೆಲ್ಲಿದ ಸಕ್ಕರೆಗೆ ಇರುವೆ ಸಾಲುಗಟ್ಟಿತ್ತು, ಅದನ್ನೇ ನೋಡುತ್ತಾ ಇದ್ದೆ. ಮಾಣಿ ಮೂರು ಸಲ ಬಂದು ಮೇಜು ಒರೆಸಿದ. ಏಳಿ ಅಂತ ಅರ್ಥ. ನಾನು ಏಳಲಿಲ್ಲ. ಪರೀಕ್ಷೆ ಮುಗಿಯುವ ಹೊತ್ತಿಗೆ ಸರಿಯಾಗಿ ಎದ್ದು ಸಾಗರದ ಬಸ್ಸು ಹಿಡಿದೆ. ಹೇಗಾಯ್ತು ಅಂತ ಅಮ್ಮ ಕೇಳಿದಳು. ಕಷ್ಟ ಇತ್ತು ಅಂದೆ.

ಆ ಹುಡುಗ ಪಾಸಾದ. ಮುಂದೆ ಅವನ ಮೇಜಿಗೇ ನನ್ನ ರಜೆ ಅರ್ಜಿ ಹೋಗುತ್ತಿತ್ತು. ಒಳ್ಳೆಯವನು, ಯಾವತ್ತೂ ತಡೆಯಲಿಲ್ಲ. ಅದೇ ಜಾಸ್ತಿ ಚುಚ್ಚುತ್ತಿತ್ತು.

ಆಮೇಲೆ ಆರು ವರ್ಷ ಸುಮ್ನೆ ಹೋಯಿತು. 1997ರಲ್ಲಿ ಅನುಕಂಪದ ನೌಕರಿಗೆ ಒಬ್ಬಳು ಹುಡುಗಿ ಬಂದಳು. "ಸಾರ್, ಈ ಕೆಎಫ್‌ಸಿ ಒಂದಕ್ಷರ ತಲೆಗೆ ಹೋಗ್ತಿಲ್ಲ, ಹೇಳಿಕೊಡ್ತೀರಾ?" ಅಂದಳು. ನನಗೆ ಗೊತ್ತಿಲ್ಲ ಅನ್ನಲು ನಾಚಿಕೆ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ, ರೆಕಾರ್ಡ್ ರೂಮಿನಲ್ಲಿ, ಬಟ್ಟೆ ಸುತ್ತಿದ ಕಡತದ ಗಂಟುಗಳ ನಡುವೆ ಸ್ಟೂಲು ಹಾಕಿಕೊಂಡು ಕೂತೆವು. ಮಾರ್ಚ್ 31ಕ್ಕೆ ಅನುದಾನ ಲ್ಯಾಪ್ಸ್ ಆಗುತ್ತೆ ಅಂತ ಖಜಾನೆಯಿಂದ ದುಡ್ಡು ತೆಗೆದು ಇಟ್ಟುಕೊಳ್ಳಬಾರದು ಯಾಕೆ ಅಂತ ಕೇಳಿದಳು. ಹೇಳಿದೆ. ಕಚೇರಿಯ ಚಿಲ್ಲರೆ ಖರ್ಚಿನ ಸಾದಿಲ್ವಾರು ಬಿಲ್ಲು ಹೇಗೆ ಅಂತ ಕೇಳಿದಳು. ಅದನ್ನೂ ಹೇಳಿದೆ. ಇಷ್ಟು ವರ್ಷ ಟಪಾಲಿನಲ್ಲಿ ನನ್ನ ಕೈದಾಟಿ ಹೋದ ಕಾಗದಗಳೇ ಅಲ್ವಾ ಅವೆಲ್ಲ! ಮರುವರ್ಷ ಇಬ್ಬರೂ ಬರೆದೆವು, ಇಬ್ಬರೂ ಪಾಸು. ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕನ ಆದೇಶ ಬರಲು ಮತ್ತೆರಡು ವರ್ಷ ಹಿಡಿಯಿತು, ಅದು ಬಿಡು.

ಈಗ ನಿನ್ನ ವಿಷಯ. ಸೆಲೆನಿಯಂ ಕಲಿಯಬೇಕು ಅಂತ ನೀನು ಅಂದಾಗ ನಾನು ಕೆಮಿಸ್ಟ್ರಿ ಅಂದುಕೊಂಡೆ. ಅದು ಟೆಸ್ಟಿಂಗಿನ ಸಾಫ್ಟ್‌ವೇರ್ ಅಂತೆ. ಟೆಸ್ಟಿಂಗನ್ನು ಕೋಡೇ ಮಾಡುತ್ತದಂತೆ, ಕೈಯಲ್ಲಿ ಮಾಡುವವರು ಬೇಡವಂತೆ. ಇರಬಹುದು. ಆದರೆ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋದಾಗ ನಾವೂ ಹೀಗೇ ಹೆದರಿದ್ದೆವು. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಬೆಲೆಯೇ ಇಲ್ಲವಾಯಿತು. ಟೈಪ್ ಮಾಡುವ ಹುಡುಗರಿಗೆ ಕಂಪ್ಯೂಟರ್ ಗೊತ್ತಿತ್ತು, ಸಾಗುವಳಿಗೆ ಬಾರದ ಖರಾಬು ಜಮೀನು ಅಂದರೇನು ಅಂತ ಗೊತ್ತಿರಲಿಲ್ಲ. 2 ಎಕರೆ 4 ಗುಂಟೆಯೋ 14 ಗುಂಟೆಯೋ ಅಂತ ಹಳೇ ಪುಸ್ತಕ ನೋಡಿ ಹೇಳಲು ನಮ್ಮಂಥವರೇ ಬೇಕಾಯಿತು. ಆ್ಯಪ್ ಎಲ್ಲಿ ಕೈಕೊಡುತ್ತದೆ ಅಂತ ಒಂಬತ್ತು ವರ್ಷದಿಂದ ನೋಡಿದವಳು ನೀನು. ದಿನಾ ಅರ್ಧ ಗಂಟೆ ಕೂರು. ಒಬ್ಬಳೇ ಕೂರಬೇಡ, ಹೊಸಬರು ಯಾರನ್ನಾದರೂ ಜೊತೆಗೆ ಕೂರಿಸಿಕೊಂಡು ಹೇಳಿಕೊಡು. ರಾತ್ರಿ ಹನ್ನೊಂದರ ಮೇಲೆ ಬೇಡ, ಬೆಳಿಗ್ಗೆ ಬೇಗ ಏಳು. ಆ ಲೀಡ್ ಹುಡುಗನ ಹತ್ತಿರವೂ ಕೇಳು, ಅದರಲ್ಲಿ ಅವಮಾನ ಏನಿದೆ? ಮೊಬೈಲು

ನೋಡು, ಉಪದೇಶ ಶುರುವಾಯಿತು. ಮೊಬೈಲಿನ ಮಾತು ಬರೆಯುವುದಿಲ್ಲ, ಹೋಗು.

ನಿನಗೆ ಗೊತ್ತಿಲ್ಲ, ಬೀದಿಯವರಿಗೆಲ್ಲ ನಾನು ಹೇಳಿಕೊಂಡು ತಿರುಗುತ್ತೇನೆ. ನಮ್ಮ ಪುಟ್ಟಿ ಒಪ್ಪದೆ ಬ್ಯಾಂಕಿನ ಆ್ಯಪ್ ಹೊರಗೆ ಬರುವುದಿಲ್ಲ ಅಂತ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಇಷ್ಟೆಲ್ಲ ಹೇಳುವವನಿಗೆ ಭಾನುವಾರ ನಿನ್ನ ಮುಖ ನೋಡಿ ಆ ಗೇಟು ನೆನಪಾಯಿತು. ಕೂಗಾಡಿದ್ದು ನಿನ್ನ ಮೇಲಲ್ಲ ಅಂತ ಈಗ ಅನಿಸುತ್ತಿದೆ. ಹೆದರಿಕೆ ಅದು. ನೀನೂ ಆ ಹೋಟೆಲಿನಲ್ಲಿ ಕೂತುಬಿಟ್ಟರೆ ಅಂತ.

1991ರ ಹಾಲ್ ಟಿಕೆಟ್ ನನ್ನ ಕೆಸಿಎಸ್‌ಆರ್, ಅಂದರೆ ನೌಕರಿ ನಿಯಮಗಳ ಪುಸ್ತಕದೊಳಗೇ ಇತ್ತು, ಇದರ ಜೊತೆ ಇಟ್ಟಿದ್ದೇನೆ. ಹಾಜರಿ ಹಾಕುವ ಜಾಗ ಖಾಲಿ ಇದೆ. ಅಮ್ಮನಿಗೆ ಮಾತ್ರ ಈಗಲೇ ಹೇಳಬೇಡ, ನಾನೇ ಹೇಳುತ್ತೇನೆ.

ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲ ಇದೆ, ನೇರವಾಗಿ ಇಡು.

ನಿನ್ನ
ಅಪ್ಪ