ಟ್ರಂಪೆಟ್ ಇಲ್ಲದ ಆ ಬ್ಯಾಂಡ್

ಪ್ರೀತಿಯ ಸೀನು,

ಹೋದ ವಾರ ಫೋನಿನಲ್ಲಿ ನೀನು, "ಕ್ರುಸೇಡರ್ಸ್ ಅಂದ್ರೆ ಸ್ಟ್ರೀಟ್ ಲೈಫ್ ಹಾಡಿನವರು ತಾನೇ?" ಅಂದೆ. ಹೌದು ಮಾರಾಯ, ಆ ಅಮೆರಿಕದ ಬ್ಯಾಂಡಿನವರೇ. ಆದರೆ ಅದು 1979ರ ಮಾತು. ಅದನ್ನು ಹಾಡಿದ್ದೂ ಬ್ಯಾಂಡಿನವರಲ್ಲ, ಗಾಯಕಿ ರ್‍ಯಾಂಡಿ ಕ್ರಾಫರ್ಡ್. ನಾನು ಹೇಳಲು ಹೊರಟಿದ್ದು ಅದಕ್ಕೂ ಹದಿನೆಂಟು ವರ್ಷ ಹಿಂದಿನ ರೆಕಾರ್ಡುಗಳ ಬಗ್ಗೆ. ಆಗ ಇವರ ಹೆಸರು ಜಾಝ್ ಕ್ರುಸೇಡರ್ಸ್. ಹಾಡುವವರು ಯಾರೂ ಇಲ್ಲ, ಬರೀ ವಾದ್ಯ. ಅವತ್ತು ಬಸ್ಸಿನ ಗದ್ದಲದಲ್ಲಿ ಜಗಳ ಆಡಲು ಆಗಲಿಲ್ಲ, ಅದಕ್ಕೇ ಈ ಪತ್ರ.

ವೇಯ್ನ್ ಹೆಂಡರ್ಸನ್, ವಿಲ್ಟನ್ ಫೆಲ್ಡರ್, ಜೋ ಸ್ಯಾಂಪಲ್, ಸ್ಟಿಕ್ಸ್ ಹೂಪರ್. ನಾಲ್ವರೂ ಟೆಕ್ಸಸ್‌ನ ಹ್ಯೂಸ್ಟನ್ನಿನವರು, ಹೈಸ್ಕೂಲಿನಿಂದಲೇ ಜೊತೆಗೆ ನುಡಿಸಿದ ಹುಡುಗರು. ಲಾಸ್ ಏಂಜಲೀಸ್‌ಗೆ ಬಂದು, 1961ರಲ್ಲಿ ಪೆಸಿಫಿಕ್ ಜಾಝ್ ಕಂಪನಿಗೆ 'ಫ್ರೀಡಂ ಸೌಂಡ್' ಅನ್ನುವ ಮೊದಲ ಆಲ್ಬಂ ಮಾಡಿದರು. ಬಾಸ್ ಅನ್ನುವ ದಪ್ಪ ದನಿಯ ತಂತಿವಾದ್ಯ ನುಡಿಸುವವರು ಬರುತ್ತಿದ್ದರು, ಹೋಗುತ್ತಿದ್ದರು. ಆ ವರ್ಷಗಳಲ್ಲಿ ಈ ನಾಲ್ವರು ಮಾತ್ರ ಕದಲಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಆ ಕಾಲದ ಜಾಝ್ ಬ್ಯಾಂಡುಗಳಲ್ಲಿ ಸಾಮಾನ್ಯವಾಗಿ ಮುಂದೆ ನಿಲ್ಲುತ್ತಿದ್ದ ಜೋಡಿ ಟ್ರಂಪೆಟ್ ಮತ್ತು ಸ್ಯಾಕ್ಸಫೋನ್. ಟ್ರಂಪೆಟ್ ಮೇಲೆ ಮಿಂಚುತ್ತದೆ, ಸ್ಯಾಕ್ಸ್ ಕೆಳಗೆ ಓಡಾಡುತ್ತದೆ. ಇವರಲ್ಲಿ ಟ್ರಂಪೆಟ್ಟೇ ಇಲ್ಲ. ಹೆಂಡರ್ಸನ್ ಅವರ ಟ್ರೊಂಬೋನ್ (ಉದ್ದ ಕೊಳವೆಯ ತುತ್ತೂರಿ), ಫೆಲ್ಡರ್ ಅವರ ಟೆನರ್ ಸ್ಯಾಕ್ಸ್. ಎರಡರ ದನಿಯೂ ಹೆಚ್ಚು ಕಡಿಮೆ ಒಂದೇ ಎತ್ತರದ್ದು. ಒಂದೇ ಸಾಲನ್ನು ಇಬ್ಬರೂ ಸೇರಿ ನುಡಿಸಿದರೆ, ಒಬ್ಬನೇ ದಪ್ಪ ಗಂಟಲಿನವನು ಹಾಡಿದ ಹಾಗೆ ಕೇಳುತ್ತದೆ. ಮೊದಲ ಸಲ ನಾನು ಮೋಸ ಹೋದೆ. ಇದ್ಯಾವ ವಾದ್ಯ ಅಂತ ಹಿಂದಕ್ಕೆ ಎಳೆದೆಳೆದು ಕೇಳಿದೆ. ಸಾಲಿನ ಕೊನೆಯಲ್ಲಿ ಒಬ್ಬರು ಚೂರು ಮೊದಲು ಉಸಿರು ಬಿಟ್ಟರು ನೋಡು, ಆಗ ಗೊತ್ತಾಯಿತು.

1962ರ 'ಲುಕಿಂಗ್ ಅಹೆಡ್' ಆಲ್ಬಮ್ಮಿನಲ್ಲಿ 'ದಿ ಯಂಗ್ ರ್‍ಯಾಬಿಟ್ಸ್' ಇದೆ, ಹೆಂಡರ್ಸನ್ ಅವರದ್ದೇ ರಚನೆ. ಹೆಸರಿಗೆ ತಕ್ಕ ಹಾಗೆ ಮೊಲದ ಓಟ. ಟ್ರೊಂಬೋನಿಗೆ ಒತ್ತುವ ಕೀಲಿಗಳಿಲ್ಲ ಅಲ್ವಾ, ಕೊಳವೆಯನ್ನು ಹಿಂದೆ ಮುಂದೆ ಎಳೆದೇ ಸ್ವರ ಹಿಡಿಯಬೇಕು. ಅಂಥದ್ದರಲ್ಲಿ ಸ್ಯಾಕ್ಸಿನ ಬೆರಳಿಗೆ ಸಮನಾಗಿ ಓಡುವುದು ಹುಡುಗಾಟವಲ್ಲ. ಅದೇ ಆಲ್ಬಮ್ಮಿನಲ್ಲಿ 'ಸಾಂಗ್ ಆಫ್ ಇಂಡಿಯಾ' ಕೂಡ ಇದೆ. ಹೆಸರು ನೋಡಿ ಖುಷಿಪಡಬೇಡ, ಅದು ರಷ್ಯಾದ ರಿಮ್ಸ್ಕಿ ಕೊರ್ಸಕೋವ್ ಅವರ ಆಪೆರಾದ ಟ್ಯೂನು!

ಜೋ ಸ್ಯಾಂಪಲ್ ಅವರ ಪಿಯಾನೋದಲ್ಲಿ ಚರ್ಚಿನ ಹಾಡಿನ ಗುಂಗೂ ಬ್ಲೂಸೂ ಬೆರೆತಿವೆ. ಇವರ ಈ ಶೈಲಿಗೆ ಸೋಲ್ ಜಾಝ್ ಅಂತಾರೆ. ಅಂದರೆ ಇಷ್ಟೇ ಕಣೋ: ತಲೆ ಲೆಕ್ಕ ಹಾಕುತ್ತಿದ್ದರೂ ಕಾಲು ಸುಮ್ನೆ ಕೂರುವುದಿಲ್ಲ. ಎಲ್ಲವೂ ಚಿನ್ನ ಅಂತ ನಾನು ಹೇಳುವುದಿಲ್ಲ. ಮೊದಲ ಆಲ್ಬಮ್ಮಿನಲ್ಲಿರುವ 'ಎಕ್ಸೋಡಸ್' ಸಿನಿಮಾದ ಟ್ಯೂನು ನನಗೆ ಸಪ್ಪೆ. ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚಿನ ಲೈಟ್‌ಹೌಸ್ ಕ್ಲಬ್ಬಿನಲ್ಲಿ ಜನರೆದುರು ನುಡಿಸಿದ 1962ರ ರೆಕಾರ್ಡಿಂಗ್ ಇದೆ, ಅದರಲ್ಲಿ ಹೂಪರ್ ಅವರ ಡ್ರಮ್ಮಿಗೆ ಬಿಸಿ ಜಾಸ್ತಿ.

ಅಂದಹಾಗೆ, ಮೈಕಲ್ ಜಾಕ್ಸನ್ ಮತ್ತು ಅವರ ಅಣ್ಣಂದಿರ ಬ್ಯಾಂಡ್ ಜಾಕ್ಸನ್ ಫೈವ್‌ನ 'ಐ ವಾಂಟ್ ಯೂ ಬ್ಯಾಕ್'ನ ಬಾಸ್ ಗಿಟಾರ್ ನಿನಗೆ ಇಷ್ಟ ಅಲ್ವಾ? ನುಡಿಸಿದ್ದು ಇದೇ ಫೆಲ್ಡರ್!

ಫೋನಿನ ಸ್ಪೀಕರಿನಲ್ಲಿ ಕೇಳಬೇಡ, ಇಯರ್‌ಫೋನ್ ಹಾಕಿಕೋ. 'ಯಂಗ್ ರ್‍ಯಾಬಿಟ್ಸ್' ಮುಗಿದ ಮೇಲೆ ಫೋನ್ ಮಾಡು. ಜಗಳ ಬಾಕಿ ಇದೆ.

ನಿನ್ನ,
ರಘು